ಅಮೆರಿಕದ ಮುಸುರೆ, ಜಪಾನಿನ ಹಂದಿ

ನಮ್ಮ ಸಿನಿಮಾಗಳಲ್ಲಿ ಹಂದಿ ಕಾಣಿಸಿಕೊಳ್ಳುವುದು ಎರಡೇ ಕಡೆ. ಒಂದು ಕಾಮಿಡಿ ಸೀನಿನಲ್ಲಿ, ಇನ್ನೊಂದು ಬೈಗುಳದಲ್ಲಿ. ಹಂದಿಯನ್ನು ಹಂದಿಯಾಗಿಯೇ ತೋರಿಸಿದ್ದನ್ನು ನಾನು ನೋಡಿದ್ದು ಒಂದು ಜಪಾನಿ ಸಿನಿಮಾದಲ್ಲಿ. ಶೋಹೆಯ್ ಇಮಾಮುರಾ 1961ರಲ್ಲಿ ಮಾಡಿದ್ದು. ಹೊರಗಿನ ಜಗತ್ತಿಗೆ ಅದು 'ಪಿಗ್ಸ್ ಅಂಡ್ ಬ್ಯಾಟಲ್‌ಶಿಪ್ಸ್' ಅಂತ ಗೊತ್ತು. ಹಂದಿಗಳು, ಯುದ್ಧನೌಕೆಗಳು.

ನಾನು ಪಶುವೈದ್ಯ. ಈಗ ನಿವೃತ್ತಿಯಾಗಿದೆ. ಸರ್ವಿಸ್ ಪೂರ್ತಿ ಮಂಡ್ಯ ಜಿಲ್ಲೆಯಲ್ಲೇ ಕಳೆಯಿತು. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಅಂತ ಸುತ್ತಿ, ಕೊನೆಗೆ ಮೈಸೂರಿನ ಕುವೆಂಪುನಗರಕ್ಕೆ ಬಂದು ಕೂತಿದ್ದೇನೆ. ನಮ್ಮ ಕಡೆ ಪಶುವೈದ್ಯ ಸಿಕ್ಕರೆ ಜನ ಹಳ್ಳಿಕಾರ್ ಎತ್ತಿನ ಬಗ್ಗೆ ಕೇಳುತ್ತಾರೆ, ಬನ್ನೂರು ಕುರಿ ಬಗ್ಗೆ ಕೇಳುತ್ತಾರೆ. ಹಂದಿ ವಿಷಯ ಎತ್ತಿದರೆ ಮಾತು ಬದಲಿಸುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ನಾನು ಬಾಯಿ ತೆರೆದರೆ ನನ್ನ ಹೆಂಡತಿ ಕಣ್ಣಲ್ಲೇ ಗದರಿಸುತ್ತಾಳೆ. ಹಾಗಾಗಿ ನನ್ನ ತಮ್ಮನ ಮಗಳು ಪೆನ್‌ಡ್ರೈವ್ ತಂದುಕೊಟ್ಟು, "ದೊಡ್ಡಪ್ಪ, ಇದರಲ್ಲಿ ನಿಮ್ಮ ಕಡೆಯವರಿದ್ದಾರೆ, ನೋಡಿ" ಅಂದಾಗ ಕುತೂಹಲ ತಡೆಯಲಾಗಲಿಲ್ಲ. ಅವಳು ಸಿನಿಮಾ ಹುಚ್ಚಿನವಳು. ನಾನು ಅಷ್ಟೇನೂ ಅಲ್ಲ. ಕಪ್ಪು ಬಿಳುಪು, ಜಪಾನಿ ಮಾತು, ಕೆಳಗೆ ಓಡುವ ಅಕ್ಷರ. ಮಧ್ಯದಲ್ಲಿ ನಿದ್ದೆ ಬಂದುಬಿಡುತ್ತೆ ಅಂದುಕೊಂಡೇ ಹಾಕಿದೆ. ಬರಲಿಲ್ಲ.

ಕಥೆ ನಡೆಯುವುದು ಯೊಕೊಸುಕಾ ಎಂಬ ಬಂದರು ಊರಿನಲ್ಲಿ. ಟೋಕಿಯೊದಿಂದ ದಕ್ಷಿಣಕ್ಕೆ. ಅಲ್ಲಿ ಅಮೆರಿಕದ ನೌಕಾನೆಲೆ ಇದೆ. ಆಗಲೂ ಇತ್ತು, ಈಗಲೂ ಇದೆ. ನೆಲೆಯ ಬೇಲಿಯ ಹೊರಗೆ ಬಾರು, ಲಾಡ್ಜು, ವೇಶ್ಯಾವಾಟಿಕೆ, ನಿಯಾನ್ ದೀಪಗಳ ಇಕ್ಕಟ್ಟಾದ ಗಲ್ಲಿಗಳು. ಹಡಗು ಬಂತು ಅಂದರೆ ಊರಿಗೆ ಜೀವ ಬರುತ್ತದೆ. ಹಡಗು ಹೋಯಿತು ಅಂದರೆ ಎಲ್ಲರೂ ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಾರೆ. ಕಿಂತಾ ಅಂತ ಒಬ್ಬ ಹುಡುಗ. ರೌಡಿ ಗ್ಯಾಂಗಿನಲ್ಲಿ ಎಲ್ಲರಿಗಿಂತ ಕೆಳಗಿನವನು. ನಾವಿಕರನ್ನು ಕೈಹಿಡಿದು ಎಳೆದು ತರುವುದು, ಅಣ್ಣಂದಿರು ಹೇಳಿದ ಕೆಲಸ ಮಾಡುವುದು. ಬೆನ್ನ ಮೇಲೆ ಕಸೂತಿ ಹಾಕಿದ, ಮಿರಮಿರ ಮಿಂಚುವ ಒಂದು ಜಾಕೆಟ್ ಹಾಕಿಕೊಂಡು ತಿರುಗುತ್ತಾನೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸಿಪಾಯಿಗಳು ಊರಿಗೆ ನೆನಪಿಗೆ ಒಯ್ಯಲಿ ಅಂತ ಹೊಲಿಯಲು ಶುರುಮಾಡಿದ ಜಾಕೆಟ್ ಅದು. ಯೊಕೊಸುಕಾ ಅದಕ್ಕೆ ಹೆಸರುವಾಸಿ. ಪರದೇಶದ ಸಿಪಾಯಿಯ ಸೋವಿನೀರನ್ನು ಊರಿನ ಹುಡುಗನೇ ಹಾಕಿಕೊಂಡು, ತಾನು ದೊಡ್ಡ ಮನುಷ್ಯ ಅಂದುಕೊಂಡು ಓಡಾಡುತ್ತಾನೆ. ಇಮಾಮುರಾ ಇದರ ಬಗ್ಗೆ ಒಂದು ಮಾತೂ ಆಡಿಸುವುದಿಲ್ಲ. ಸುಮ್ನೆ ಹುಡುಗನ ಬೆನ್ನನ್ನು ತೋರಿಸುತ್ತಾನೆ.

ಈ ಗ್ಯಾಂಗಿಗೆ ಒಂದು ಹೊಸ ಐಡಿಯಾ. ನೌಕಾನೆಲೆಯ ಅಡುಗೆಮನೆಯಲ್ಲಿ ದಿನಾ ರಾಶಿ ರಾಶಿ ಊಟ ಮಿಗುತ್ತದೆ. ಆ ಮುಸುರೆಯನ್ನು ಗುತ್ತಿಗೆಗೆ ಹಿಡಿದು ಹಂದಿ ಸಾಕಿದರೆ ಮೇವಿನ ಖರ್ಚು ಉಳಿಯಿತು. ಹಂದಿ ಮಾರಿದರೆ ಲಾಭವೇ ಲಾಭ.

ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈ ವ್ಯಾಪಾರ ನನಗೆ ಗೊತ್ತು!

ಮದ್ದೂರು ತಾಲೂಕಿನಲ್ಲಿ ನನಗೆ ಪರಿಚಯದ ಒಬ್ಬ ಹಂದಿ ಸಾಕಣೆದಾರ ಇದ್ದಾನೆ. ಬೆಂಗಳೂರು–ಮೈಸೂರು ರಸ್ತೆಯ ಹೋಟೆಲುಗಳಿಂದ ಮುಸುರೆ ಎತ್ತುತ್ತಾನೆ. ಈಗ ಎಲ್ಲರೂ ಹೋಟೆಲ್ ವೇಸ್ಟ್ ಅನ್ನುತ್ತಾರೆ. ಅವನು ಮುಸುರೆ ಅಂತಲೇ ಅನ್ನುವುದು. ಲಗೇಜ್ ಆಟೋದಲ್ಲಿ ನೀಲಿ ಡ್ರಮ್ಮುಗಳು. ರಾತ್ರಿ ಹೋಟೆಲ್ ಮುಚ್ಚುವ ಹೊತ್ತಿಗೆ ಹೋಗಿ ತುಂಬಿಕೊಂಡು ಬರುತ್ತಾನೆ. ನಾನು ಲಸಿಕೆ ಹಾಕಲು ಹೋದ ಬೆಳಿಗ್ಗೆಗಳಲ್ಲಿ ಅವನು ಡ್ರಮ್ಮಿನ ಮುಂದೆ ಕೂತು ಮೊಣಕೈವರೆಗೆ ಕೈ ಹಾಕಿ ಕದಡುತ್ತಿರುತ್ತಿದ್ದ. ಅನ್ನ, ಸಾಂಬಾರು, ಪೂರಿ ಚೂರು, ಹಿಂಡಿದ ನಿಂಬೆಹೋಳು ಎಲ್ಲ ಸೇರಿ ಒಂದೇ ಬಣ್ಣ. ಅದರೊಳಗಿಂದ ಬೇಡದ್ದನ್ನು ಆರಿಸಿ ತೆಗೆಯಬೇಕು. ಪ್ಲಾಸ್ಟಿಕ್ ಕವರು, ಪೇಪರ್ ಲೋಟ, ಹಲ್ಲುಕಡ್ಡಿ. ಹಲ್ಲುಕಡ್ಡಿ ಕಂಡರೆ ಅವನಿಗೆ ತುಂಬಾ ಸಿಟ್ಟು. ಗಂಟಲಿಗೆ ಚುಚ್ಚಿಕೊಂಡರೆ ಹಂದಿ ಮೇವು ಬಿಡುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಇರುತ್ತಿತ್ತು, ಅದರ ತುಂಬ ಸ್ಟೀಲ್ ಚಮಚ. "ಅಂದಿ ಏನ್ನೂ ಬುಡದಿಲ್ಲ ಸಾ, ಸ್ಪೂನ್ ಒಂದ್ ತಿನ್ನದಿಲ್ಲ ಅಷ್ಟೇಯ" ಅನ್ನುತ್ತಿದ್ದ. ಚಮಚ ತೊಳೆದು ಹೋಟೆಲಿಗೆ ವಾಪಸ್ ಕೊಡುತ್ತಿದ್ದ. ಹೋಟೆಲಿನವರು ತಗೊಂಡು, ಎಣಿಸಿ, ಇನ್ನೂ ಇರಬೇಕಲ್ಲ ಅನ್ನುತ್ತಿದ್ದರಂತೆ.

ಮುಸುರೆಯೇನು ಪುಕ್ಕಟೆ ಸಿಗುತ್ತದೆಯಾ? ಇಲ್ಲ. ಒಂದು ಕಾಲಕ್ಕೆ ತಗೊಂಡು ಹೋದರೆ ಸಾಕು ಅನ್ನುತ್ತಿದ್ದ ಹೋಟೆಲಿನವರೇ ಆಮೇಲೆ ತಿಂಗಳಿಗೆ ಇಷ್ಟು ಅಂತ ಕೇಳಲು ಶುರುಮಾಡಿದರು. ಹೈವೇ ದೊಡ್ಡದಾಗಿ ಹೋಟೆಲುಗಳು ಜಾಸ್ತಿಯಾದ ಮೇಲೆ ಪೈಪೋಟಿ ಬಂತು. ಒಂದು ಹೋಟೆಲಿನ ಮ್ಯಾನೇಜರು ಇವನಿಂದ ಮುಂಗಡ ತಗೊಂಡು, ಮುಸುರೆಯನ್ನು ಇನ್ನೊಬ್ಬನಿಗೆ ಕೊಟ್ಟಿದ್ದ. ಅದಕ್ಕೆ ಹಿಂಬಾಗಿಲಲ್ಲಿ ಕಾಲರ್ ಹಿಡಿದು ಜಗಳ. ಜನ ಎಂಜಲು ಬಿಟ್ಟಿದ್ದಕ್ಕೆ!

ಸಿನಿಮಾದಲ್ಲಿ ಆಗುವುದೂ ಹೆಚ್ಚುಕಮ್ಮಿ ಇದೇ. ನೌಕಾನೆಲೆಯಿಂದ ಮುಸುರೆ ಕೊಡಿಸುತ್ತೇನೆ ಅಂತ ಒಬ್ಬ ನಡುವಿನ ಮನುಷ್ಯ ಬರುತ್ತಾನೆ. ಜಪಾನಿ ಮೂಲದವನು, ಹವಾಯಿ ಕಡೆಯವನು. ಗ್ಯಾಂಗು ಅವನಿಗೆ ದುಡ್ಡು ಸುರಿಯುತ್ತದೆ. ಆ ದುಡ್ಡಿಗಾಗಿ ಅವರು ಊರಿನ ಅಂಗಡಿ, ಗೂಡಂಗಡಿ ಎಲ್ಲ ಕಡೆ ವಸೂಲಿ ಮಾಡುತ್ತಾರೆ. ಕೊನೆಗೆ ಆ ಮನುಷ್ಯ ಕೈಕೊಟ್ಟು ಹೋಗುತ್ತಾನೆ. ಮುಸುರೆ ನಿಂತ ಮೇಲೆ ಹಂದಿಗಳು ತಿನ್ನುವುದೇನು? ಗ್ಯಾಂಗು ಒಡೆಯುತ್ತದೆ. ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಹಂದಿಗಳನ್ನು ಲಾರಿಗೆ ತುಂಬಲು ಹೊರಡುತ್ತಾರೆ.

ಸಿನಿಮಾ ಬಂದ ಕಾಲವನ್ನು ಸ್ವಲ್ಪ ಹೇಳಬೇಕು. 1945ರಲ್ಲಿ ಜಪಾನ್ ಸೋತಿತು. 1952ರ ಏಪ್ರಿಲ್ ತನಕ ಅಮೆರಿಕದವರದೇ ಆಡಳಿತ. ಆಮೇಲೆ ಅಧಿಕಾರ ವಾಪಸ್ ಬಂತು, ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ಹೆಸರಲ್ಲಿ ನೆಲೆಗಳು ಮಾತ್ರ ಉಳಿದವು. 1960ರಲ್ಲಿ ಆ ಒಪ್ಪಂದವನ್ನು ಹೊಸದು ಮಾಡುವಾಗ ಟೋಕಿಯೊದ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದರು. ಸಂಸತ್ತಿನ ಹತ್ತಿರ ನಡೆದ ಗಲಾಟೆಯಲ್ಲಿ ಒಬ್ಬ ವಿದ್ಯಾರ್ಥಿನಿ ಸತ್ತಳು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬರುವುದು ರದ್ದಾಯಿತು. ಪ್ರಧಾನಿ ಕಿಶಿ ರಾಜೀನಾಮೆ ಕೊಟ್ಟರು. ಒಪ್ಪಂದ ಮಾತ್ರ ಜಾರಿಯಾಯಿತು. ಅದೇ ವರ್ಷದ ಕೊನೆಗೆ ಹೊಸ ಪ್ರಧಾನಿ ಇಕೆಡಾ, ಹತ್ತು ವರ್ಷದಲ್ಲಿ ದೇಶದ ಆದಾಯ ದುಪ್ಪಟ್ಟು ಅಂತ ಯೋಜನೆ ಮುಂದಿಟ್ಟರು. ಮರುತಿಂಗಳು, 1961ರ ಜನವರಿಯಲ್ಲಿ, ಈ ಸಿನಿಮಾ ತೆರೆಗೆ ಬಂತು. ಎಲ್ಲರೂ ಟಿವಿ, ಫ್ರಿಜ್ಜಿನ ಕನಸು ಕಾಣುತ್ತಿದ್ದಾಗ ಇವನು ಹಂದಿ ಗೂಡು ತೋರಿಸಿದ.

ನಿರ್ಮಾಪಕರಾದ ನಿಕ್ಕತ್ಸು ಸ್ಟುಡಿಯೊಗೆ ಇದು ಇಷ್ಟವಾಗಲಿಲ್ಲ. ಬಜೆಟ್ ಬೇರೆ ಮೀರಿತ್ತು. 1963ರವರೆಗೆ ಇಮಾಮುರಾನ ಮುಂದಿನ ಸಿನಿಮಾ ಬರಲಿಲ್ಲ. ಅವನು ಡಾಕ್ಟರ ಮಗ. ಯುದ್ಧ ಮುಗಿದ ಹೊಸದರಲ್ಲಿ ಕಾಳಸಂತೆಯಲ್ಲಿ ಸಾರಾಯಿ, ಸಿಗರೇಟು ಮಾರಿ ದಿನ ತಳ್ಳಿದವನು. ಸಿನಿಮಾಕ್ಕೆ ಬಂದು ಮೊದಲು ಕೆಲಸ ಮಾಡಿದ್ದು ಒಜು ಹತ್ತಿರ, ಸಹಾಯಕನಾಗಿ. ಒಜು ಅಂದರೆ ಚಾಪೆ ಮೇಲೆ ಕೂತು ಮೆಲ್ಲಗೆ ಮಾತಾಡುವ ಮನೆಮಂದಿಯ ಸಿನಿಮಾಗಳು. ಅಲ್ಲಿಂದ ಇವನು ಹಂದಿ ಗೂಡಿಗೆ ಬಂದ. ಮನುಷ್ಯನ ಮೈಯ ಕೆಳಭಾಗಕ್ಕೂ ಸಮಾಜದ ಕೆಳಭಾಗಕ್ಕೂ ಇರುವ ನಂಟಿನಲ್ಲಿ ತನಗೆ ಆಸಕ್ತಿ ಅಂತ ಹೇಳಿಕೊಂಡಿದ್ದವನು. ಮುಂದೆ 1983ರಲ್ಲಿ ಮತ್ತು 1997ರಲ್ಲಿ, ಎರಡು ಸಲ, ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ.

ಈಗ ಹಲ್ಲಿನ ವಿಷಯ. ಊಟ ಮಾಡುತ್ತಾ ಓದುತ್ತಿರುವವರು ಈ ಪ್ಯಾರಾ ಬಿಡಿ.

ಗ್ಯಾಂಗು ಒಬ್ಬನನ್ನು ಕೊಂದಿರುತ್ತದೆ. ಹೆಣ ಸಾಗಹಾಕುವುದೇ ಒಂದು ಪಜೀತಿ. ಆಮೇಲೊಂದು ದಿನ ಎಲ್ಲ ಸೇರಿ ಹಂದಿ ಮಾಂಸ ಚಪ್ಪರಿಸುತ್ತಿರುವಾಗ ಅದರಲ್ಲಿ ಒಂದು ಹಲ್ಲು ಸಿಗುತ್ತದೆ. ಹೆಣ ಎಲ್ಲಿ ಹೋಯಿತು ಅಂತ ಆಗ ಹೊಳೆಯುತ್ತದೆ. ಅಲ್ಲಿಂದ ಒಬ್ಬೊಬ್ಬರದು ಓಟ, ವಾಂತಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಹೆಂಡತಿ ಒಳಗಿನಿಂದ ಬಂದು ನೋಡಿ ಹೋದಳು. ವೈದ್ಯನಾಗಿ ಒಂದು ಮಾತು ಹೇಳಬೇಕು. ಹಂದಿ ನುಂಗಿದ ಹಲ್ಲು ಮಾಂಸಕ್ಕೆ ಬರುವುದಿಲ್ಲ, ಕರುಳಿನಲ್ಲಿರುತ್ತದೆ. ಕರುಳು ತೊಳೆಯದೆ ಬೇಯಿಸಿದವನನ್ನು ಹಿಡಿದು ಕೇಳಬೇಕು. ಆದರೆ ಇಮಾಮುರಾಗೆ ಅಂಗರಚನೆ ಮುಖ್ಯವಲ್ಲ. ಅಮೆರಿಕದ ನಾವಿಕ ತಿಂದು ಬಿಟ್ಟಿದ್ದು ಹಂದಿಗೆ. ಗ್ಯಾಂಗು ತಿಂದು ಬಿಟ್ಟ ಮನುಷ್ಯನೂ ಹಂದಿಗೆ. ಹಂದಿ ಮತ್ತೆ ಗ್ಯಾಂಗಿನ ತಟ್ಟೆಗೆ. ಆ ಊರಿನಲ್ಲಿ ಯಾರು ಯಾರ ಎಂಜಲು ತಿನ್ನುತ್ತಿದ್ದಾರೆ ಅನ್ನುವುದನ್ನು ಒಂದು ಹಲ್ಲು ತೋರಿಸಿಬಿಡುತ್ತದೆ.

ಹಂದಿ ಜೊತೆ ಸೇರಿ ಕರುನೂ ಹೇಲು ತಿಂತು ಅಂತ ಗಾದೆ ಇದೆಯಲ್ಲ, ಅದರ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಜಾಗ ಕೊಟ್ಟರೆ ಹಂದಿ ಮಲಗುವ ಕಡೆ ಹೊಲಸು ಮಾಡುವುದಿಲ್ಲ. ಒಂದು ಮೂಲೆ ಗೊತ್ತುಮಾಡಿಕೊಳ್ಳುತ್ತದೆ. ಕೆಸರಲ್ಲಿ ಹೊರಳುವುದು ಕೊಳಕಿನ ಆಸೆಗಲ್ಲ, ಮೈ ತಂಪಿಗೆ. ಅದಕ್ಕೆ ನಮ್ಮ ಹಾಗೆ ಬೆವರು ಸುರಿಯುವುದಿಲ್ಲ. ಮುಸುರೆಯನ್ನು ಚೆನ್ನಾಗಿ ಕುದಿಸಿ ಆರಿಸಿ ಹಾಕಬೇಕು, ಇಲ್ಲದಿದ್ದರೆ ಅದರ ಮೂಲಕ ಹಂದಿ ಜ್ವರ ಬಂದು ಗೂಡಿಗೆ ಗೂಡೇ ಖಾಲಿಯಾಗುತ್ತದೆ. 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆ ಆಫ್ರಿಕನ್ ಹಂದಿ ಜ್ವರ ಬಂದಾಗ ಈ ಮಾತು ಎಲ್ಲರಿಗೂ ನೆನಪಾಯಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಸಿನಿಮಾ ನೋಡಿದ ಕೆಲವರು 'ಮನುಷ್ಯರು ಹಂದಿಗಳಾಗಿದ್ದಾರೆ' ಅಂತ ಅರ್ಥ ಮಾಡುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಇಡೀ ಸಿನಿಮಾದಲ್ಲಿ ಯಾರಿಗೂ ಮೋಸ ಮಾಡದ ಪ್ರಾಣಿ ಹಂದಿಯೇ.

ಗ್ಯಾಂಗಿನಲ್ಲಿ ತೆತ್ಸುಜಿ ಅಂತ ಒಬ್ಬ ಇದ್ದಾನೆ. ಎಲ್ಲರನ್ನೂ ಹೆದರಿಸುವ ಅಣ್ಣ. ತೆತ್ಸುರೊ ತಂಬಾ ಎಂಬ ನಟ. ಮುಂದೆ ಒಂದು ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಇದ್ದಾನಂತೆ, ತಮ್ಮನ ಮಗಳು ಹೇಳಿದ್ದು. ಇವನಿಗೆ ಹೊಟ್ಟೆನೋವು. ಕ್ಯಾನ್ಸರ್ ಅಂತ ನಂಬಿಬಿಡುತ್ತಾನೆ. ನರಳಿ ಸಾಯುವ ಧೈರ್ಯವಿಲ್ಲ, ತಾನಾಗಿ ಸಾಯಲೂ ಆಗುತ್ತಿಲ್ಲ. ಅದಕ್ಕೆ ತನ್ನನ್ನೇ ಕೊಲ್ಲಲು ಒಬ್ಬನಿಗೆ ಸುಪಾರಿ ಕೊಡುತ್ತಾನೆ. ಆಮೇಲೆ ಕ್ಯಾನ್ಸರ್ ಅಲ್ಲ ಅಂತ ಗೊತ್ತಾಗುತ್ತದೆ. ಆದರೆ ಸುಪಾರಿ ತಗೊಂಡವನಿಗೆ ಅದನ್ನು ತಿಳಿಸಬೇಕಲ್ಲ? ರೌಡಿಗಳನ್ನು ಹೀರೋ ಮಾಡುವ ಸಿನಿಮಾಗಳ ಕಾಲದಲ್ಲಿ ಹೀಗೊಬ್ಬ ರೌಡಿ. ಮುಲಾಮು, ಮಾತ್ರೆ, ಮುಖದಲ್ಲಿ ಬೆವರು. ಈ ಭಾಗ ಸ್ವಲ್ಪ ಉದ್ದವಾಯಿತು ಅನ್ನಿಸಿತು ನನಗೆ. ಆದರೂ ನಗು ಬರುತ್ತದೆ.

ನಗು ನಿಲ್ಲುವುದು ಹರುಕೋ ಹತ್ತಿರ. ಕಿಂತಾನ ಹುಡುಗಿ. ಜಿತ್ಸುಕೊ ಯೋಶಿಮುರಾ ಎಂಬ ಹೊಸ ಹುಡುಗಿ ಆ ಪಾತ್ರ ಮಾಡಿದ್ದಾಳೆ. ದುಂಡುಮುಖ, ಗಟ್ಟಿ ನಡಿಗೆ. ಅವಳ ತಾಯಿಗೂ ಅಕ್ಕನಿಗೂ ಒಂದೇ ಯೋಚನೆ, ಇವಳನ್ನು ಒಬ್ಬ ಅಮೆರಿಕದವನಿಗೆ ಇಟ್ಟುಕೊಳ್ಳಲು ಕೊಟ್ಟುಬಿಡಬೇಕು. ಅಕ್ಕ ಆಗಲೇ ಹಾಗೆ ಬದುಕುತ್ತಿದ್ದಾಳೆ, ಮನೆಗೆ ದುಡ್ಡು ಬರುತ್ತಿದೆ, ಇದರಲ್ಲಿ ತಪ್ಪೇನು ಅಂತ ತಾಯಿ ಕೇಳುತ್ತಾಳೆ. ಆ ತಾಯಿ ರಾಕ್ಷಸಿಯಲ್ಲ. ಅಕ್ಕಿ, ಬಾಡಿಗೆ, ಚಿಕ್ಕ ಮಕ್ಕಳ ಲೆಕ್ಕ ಹಾಕುವವಳು. 1956ರಲ್ಲೇ ಜಪಾನಿನಲ್ಲಿ ವೇಶ್ಯಾವಾಟಿಕೆ ತಡೆಯುವ ಕಾನೂನು ಬಂದಿತ್ತು, 1958ರಿಂದ ಪೂರ್ತಿ ಜಾರಿಯಾಗಿತ್ತು. ಬೇಲಿ ಪಕ್ಕದ ಗಲ್ಲಿಗಳಲ್ಲಿ ಅದರಿಂದ ಏನು ಬದಲಾಯಿತು ಅಂತ ಸಿನಿಮಾ ನೋಡಿದರೆ ಗೊತ್ತಾಗುತ್ತದೆ.

ಹರುಕೋ ಒಂದೇ ಹಟ ಹಿಡಿಯುತ್ತಾಳೆ. ಇಲ್ಲಿ ಬೇಡ, ಕವಾಸಾಕಿಗೆ ಹೋಗೋಣ, ಫ್ಯಾಕ್ಟರಿಯಲ್ಲಿ ದುಡಿಯೋಣ. ಕಿಂತಾ ಇವತ್ತು ನಾಳೆ ಅನ್ನುತ್ತಾನೆ. ಕೂಲಿ ಮಾಡುವುದು ಅವನಿಗೆ ಅವಮಾನ. ಗ್ಯಾಂಗಿನ ಅಣ್ಣಂದಿರು ಮಾಡಿದ ಕೊಲೆಯನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗಿಬಂದರೆ ಬಡ್ತಿ ಸಿಗುತ್ತದೆ ಅಂತ ನಂಬಿ ಕೂತಿದ್ದಾನೆ. ಇಬ್ಬರಿಗೂ ಜಗಳವಾಗಿ ಹರುಕೋ ಒಂದು ರಾತ್ರಿ ನಾವಿಕರ ಜೊತೆ ಹೋಗುತ್ತಾಳೆ. ಲಾಡ್ಜಿನ ಕೋಣೆ, ಅವರು ಮೂವರು. ಅಲ್ಲಿ ಕ್ಯಾಮೆರಾ ಚಾವಣಿಗೆ ಹೋಗುತ್ತದೆ. ಮೇಲಿನಿಂದ ಕೋಣೆ ಕಾಣುತ್ತದೆ, ಹಾಸಿಗೆ ಕಾಣುತ್ತದೆ, ಅವಳು ತಪ್ಪಿಸಿಕೊಳ್ಳಲು ಒದ್ದಾಡುವುದು ಕಾಣುತ್ತದೆ. ಆಮೇಲೆ ಇಡೀ ಕೋಣೆ ಗಿರಗಿರನೆ ತಿರುಗಲು ಶುರುವಾಗುತ್ತದೆ, ಏನೂ ಕಾಣದಷ್ಟು ಜೋರಾಗಿ. ನಿಲ್ಲುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮೈ ತೋರಿಸದೆ, ಕಿರುಚಾಟವನ್ನು ಎಳೆಯದೆ, ಆದದ್ದನ್ನು ಮುಚ್ಚಿಡದೆ ತೋರಿಸಿದ ರೀತಿ ಇದು. ತಮ್ಮನ ಮಗಳಿಗೆ ಇದರ ಬಗ್ಗೆ ಬೇರೆ ಅಭಿಪ್ರಾಯವಿದೆ. ತಂತ್ರ ತೋರಿಸುವ ಆಸೆಗೆ ಹುಡುಗಿಯನ್ನು ಮರೆತಿದ್ದಾನೆ ಅನ್ನುತ್ತಾಳೆ. ನಾನು ಒಪ್ಪಲಿಲ್ಲ. ಮುಂದಿನ ಸೀನಿನಲ್ಲಿ ಅವಳು ಆ ನಾವಿಕರ ದುಡ್ಡು ಎತ್ತಿಕೊಂಡು ಓಡುತ್ತಾಳಲ್ಲ, ಅಲ್ಲಿ ಅವಳ ಮುಖ ನೋಡು ಅಂದೆ. ಅವಳೂ ಒಪ್ಪಲಿಲ್ಲ.

ಸಿಪಾಯಿಗಳು ಬೀಡುಬಿಟ್ಟ ಕಡೆ ಊರಿನ ಕಥೆ ಏನಾಗುತ್ತೆ ಅಂತ ನಮ್ಮ ಕಡೆಯೂ ಕೇಳಬಹುದು. ನಾನು ಕೆಲಸ ಮಾಡಿದ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತಲೇ ಹೆಸರು. ಹೈದರ್, ಟಿಪ್ಪು ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿದ್ದರು. ಅವರ ಕುದುರೆಗೆ ಹುರುಳಿ ಬೇಯಿಸಿದವರು, ಬಟ್ಟೆ ಒಗೆದವರು ಯಾರು, ಹೇಗೆ ಬದುಕಿದರು? ಅದನ್ನು ಯಾರೂ ಬರೆದಿಡುವುದಿಲ್ಲ. ಯುದ್ಧ ಗೆದ್ದವರ ಹೆಸರು ಮಾತ್ರ ಕಲ್ಲಿನಲ್ಲಿರುತ್ತದೆ.

ಯೊಕೊಸುಕಾದಲ್ಲೂ ಅಂಥ ಒಂದು ಹೆಸರಿದೆ. ಮಿಕಾಸಾ. 1905ರಲ್ಲಿ ರಷ್ಯಾದ ನೌಕಾಪಡೆಯನ್ನು ಮುಳುಗಿಸಿದ ಅಡ್ಮಿರಲ್ ಟೋಗೊನ ಯುದ್ಧನೌಕೆ. ಅದನ್ನು ಸ್ಮಾರಕ ಮಾಡಿ ದಡದಲ್ಲಿ ನಿಲ್ಲಿಸಿದ್ದರು. ಎರಡನೇ ಮಹಾಯುದ್ಧ ಸೋತ ಮೇಲೆ ಅದರ ಫಿರಂಗಿ, ಗೋಪುರ ಕಿತ್ತರು. ಮೇಲೆ ಡ್ಯಾನ್ಸ್ ಹಾಲ್ ಬಂತು, ಮೀನು ತೋರಿಸುವ ಅಕ್ವೇರಿಯಂ ಬಂತು. ಮತ್ತೆ ದುರಸ್ತಿ ಮಾಡಿ ಸ್ಮಾರಕವಾಗಿ ತೆರೆದದ್ದು ಯಾವಾಗ ಗೊತ್ತಾ? 1961ರಲ್ಲಿ. ಈ ಸಿನಿಮಾ ಬಂದ ವರ್ಷವೇ. ಇಮಾಮುರಾ ಇದನ್ನು ಕಥೆಯಲ್ಲಿ ಹಾಕಿದ್ದರೆ ಅತಿಯಾಯಿತು ಅನ್ನುತ್ತಿದ್ದರು.

ಕೊನೆಯ ಭಾಗಕ್ಕೆ ಬರುತ್ತೇನೆ. ಮುಂಚೆಯೇ ಗೊತ್ತಾದರೂ ನಷ್ಟವಿಲ್ಲ, ಅದನ್ನು ಕಣ್ಣಲ್ಲೇ ನೋಡಬೇಕು. ಹಂದಿ ತುಂಬಿದ ಲಾರಿಗಳು ರಾತ್ರಿ ಹೊತ್ತಲ್ಲಿ ಬಾರುಗಳ ಬೀದಿಗೆ ಬಂದಿವೆ. ತನ್ನನ್ನು ಬಲಿಕೊಡುತ್ತಿದ್ದಾರೆ ಅಂತ ಕಿಂತಾಗೆ ಕೊನೆಗೂ ಅರ್ಥವಾಗಿದೆ. ಕೈಯಲ್ಲಿ ಮೆಷಿನ್ ಗನ್. ಹುಚ್ಚನ ಹಾಗೆ ಗುಂಡು ಹಾರಿಸುತ್ತಾನೆ. ಲಾರಿಗಳಿಂದ ಹಂದಿಗಳು ಇಳಿಯುತ್ತವೆ. ಇಳಿಯುತ್ತಲೇ ಇರುತ್ತವೆ. ಇಕ್ಕಟ್ಟಿನ ಗಲ್ಲಿ, ಇಕ್ಕೆಲದಲ್ಲೂ ನಿಯಾನ್ ಬೋರ್ಡು, ನಡುವೆ ಕೆ.ಆರ್.ಎಸ್. ಗೇಟು ಎತ್ತಿದಾಗ ನೀರು ನುಗ್ಗುವ ಹಾಗೆ ಹಂದಿಗಳು. ರೌಡಿಗಳು ಗೋಡೆಗೆ ಅಂಟಿಕೊಂಡು, ಕಾಲಡಿಗೆ ಬಿದ್ದು, ತುಳಿಸಿಕೊಳ್ಳುತ್ತಾರೆ.

ಇಲ್ಲಿ ನಾನು ಸೋಫಾದಿಂದ ಎದ್ದು ಟಿವಿ ಹತ್ತಿರವೇ ಹೋಗಿ ನಿಂತೆ. ಹಂದಿಯನ್ನು ಬೇಕಾದ ಕಡೆಗೆ ಓಡಿಸುವುದು ಎಷ್ಟು ಕಷ್ಟ ಅಂತ ಓಡಿಸಿದವರಿಗೇ ಗೊತ್ತು. ಮುಂದೆ ತಳ್ಳಿದರೆ ಹಿಂದೆ ಬರುತ್ತದೆ. ಕಾಲ ಸಂದಿಯಲ್ಲಿ ನುಗ್ಗುತ್ತದೆ. ಲಾರಿಗೆ ಹತ್ತಿಸಲು ನಮ್ಮವರು ಒಂದು ಉಪಾಯ ಮಾಡುತ್ತಾರೆ. ತಲೆಗೆ ಬಕೆಟ್ ಕವುಚುತ್ತಾರೆ. ಬಕೆಟ್ ಕಳಚಿಕೊಳ್ಳಲು ಅದು ಹಿಂದೆ ಹಿಂದೆ ನಡೆಯುತ್ತದೆ, ಬಾಲ ಹಿಡಿದು ದಾರಿ ತೋರಿಸಿದರೆ ಹಾಗೇ ಲಾರಿ ಏರುತ್ತದೆ. ಒಂದು ಹಂದಿಗೆ ಇಷ್ಟು ಪಾಡು. ಇಲ್ಲಿ ಆ ಹಂದಿ ಹಿಂಡು ರಾತ್ರಿ ದೀಪದಲ್ಲಿ ಗುಂಡಿನ ಸದ್ದಿಗೆ ಓಡುತ್ತಿದೆ, ಆಗ ಕಂಪ್ಯೂಟರ್ ಗ್ರಾಫಿಕ್ಸೂ ಇಲ್ಲ. ಛಾಯಾಗ್ರಾಹಕ ಶಿನ್ಸಾಕು ಹಿಮೆಡಾಗೆ ಕೈಮುಗಿಯಬೇಕು.

ಕಿಂತಾ ಸಾಯುವುದು ಒಂದು ಕಕ್ಕಸಿನಲ್ಲಿ, ತಲೆ ಕಮೋಡಿಗೆ ಬಿದ್ದು. ಹರುಕೋ ಊರು ಬಿಡುತ್ತಾಳೆ. ಅದೇ ಹೊತ್ತಿಗೆ ಹೊಸ ಹಡಗು ಬಂದಿದೆ. ಸಿಂಗಾರ ಮಾಡಿಕೊಂಡ ಹುಡುಗಿಯರು ಬಂದರಿನ ಕಡೆ ಓಡುತ್ತಿದ್ದಾರೆ. ಇವಳು ಅವರಿಗೆ ಎದುರಾಗಿ ಸ್ಟೇಷನ್ನಿನ ಕಡೆ ನಡೆಯುತ್ತಾಳೆ. ತಮ್ಮನ ಮಗಳು ಇಲ್ಲೂ ಕೊಂಕು ತೆಗೆದಳು. ಕವಾಸಾಕಿ ಏನು ಸ್ವರ್ಗವಾ, ಉಕ್ಕು, ರಾಸಾಯನಿಕದ ಕಾರ್ಖಾನೆಗಳ ಹೊಗೆಗೆ ಅಲ್ಲಿನ ಜನ ಮುಂದೆ ಅಸ್ತಮಾ ಬಂದು ಕೋರ್ಟಿಗೆ ಹೋದರು ಅಂದಳು. ಅದು ನಿಜ. ಆದರೆ ನಮ್ಮ ಹಳ್ಳಿಗಳಿಂದ ಪೀಣ್ಯದ ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಸ್ವರ್ಗ ಅಂತ ಅವರ್ಯಾರೂ ಹೋಗಿದ್ದಲ್ಲ. ತಿಂಗಳ ಸಂಬಳ ತಮ್ಮ ಕೈಗೇ ಬರುತ್ತದೆ ಅಂತ ಹೋದರು. ಹರುಕೋ ಹೋಗುವುದೂ ಅಷ್ಟಕ್ಕೇ ಅಂತ ನನ್ನ ಲೆಕ್ಕ.

ಮೊನ್ನೆ ಮದ್ದೂರಿನ ಆ ಹಳೇ ಪರಿಚಯದವನು ಮರಿಗಳಿಗೆ ಲಸಿಕೆ ಯಾವಾಗ ಹಾಕಿಸಬೇಕು ಅಂತ ಫೋನ್ ಮಾಡಿದ್ದ. ಮಾತಿಗೆ ಮಾತು ಬಂದು ಅವನಿಗೆ ಈ ಕಥೆ ಪೂರ್ತಿ ಹೇಳಿದೆ. ಮುಂಗಡ ನುಂಗಿ ಹೋದವನ ವಿಷಯ ಬಂದಾಗ "ಊಂ" ಅಂದ. ಹಲ್ಲಿನ ವಿಷಯಕ್ಕೆ ನಕ್ಕ. ಹುಡುಗ ಸತ್ತ, ಹುಡುಗಿ ಊರು ಬಿಟ್ಟಳು ಅಂತ ಮುಗಿಸಿದೆ.

"ಅದೆಲ್ಲ ಸರಿ ಸಾ," ಅಂದ. "ಬೀದಿಗ್ ಬುಟ್ರಲ್ಲ ಆ ಅಂದಿಗೋಳು, ಅವನ್ನ ಆಮೇಲ್ ಯಾರ್ ಇಡ್ಕಂಡ್ರು?"

ನಾನು ಉತ್ತರ ಕೊಡುವ ಮುಂಚೆ ಅವನೇ ಹೇಳಿದ. "ಪೊಲೀಸ್ನೋರ್ ಲೆಕ್ಕುಕ್ ಎಲ್ಲಾನೂ ಸಿಕ್ಕಿರಕ್ಕಿಲ್ಲ ಬುಡಿ. ನಾಕಾದ್ರೂ ಯಾರ್ದೋ ಇತ್ಲು ಸೇರಿರ್ತವೆ."